ಸಹಿ ಹಾಕಬೇಡಿ ಎಂದು ಬರೆದ ಪುಟ

ಎಂಟು ವರ್ಷಗಳ ಹಿಂದಿನ ಮಾತು. ಆಗ ನಾನು ಮಂಗಳೂರಿನ ಅತ್ತಾವರದ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್. ಸೇವೆಗೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ನನಗೆ ಅರ್ಥವಾಗದ ಮಗುವೇ ಇಲ್ಲ ಎಂಬ ಜಂಬವಿತ್ತು. ನನ್ನ ನಾಲಿಗೆ ಹರಿತ ಎಂದು ಜೊತೆಯವರು ಹೇಳುವಾಗ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ವರ್ಷ ನನ್ನ ತರಗತಿಯಲ್ಲಿ ಶ್ರಾವ್ಯ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಳು. ತಾಯಿ ತೀರಿಕೊಂಡಿದ್ದರು. ತಂದೆ ಹತ್ತಿರದ ಸಣ್ಣ ದೇವಸ್ಥಾನವೊಂದರಲ್ಲಿ ಸಹಾಯಕ ಅರ್ಚಕರು. ನಾವೆಲ್ಲ ಭಟ್ರು ಎನ್ನುತ್ತಿದ್ದೆವು. ಹುಡುಗಿಗೆ ಪದ್ಯ ಒಮ್ಮೆ ಕೇಳಿದರೆ ಸಾಕು, ಮರುದಿನ ರಾಗಸಮೇತ ಒಪ್ಪಿಸುವಳು. ಪಾಠ ಓದು ಎಂದರೆ ಸಾಲುಗಳ ಮೇಲೆ ಬೆರಳು ಓಡಿಸುತ್ತ ಗಡಗಡ ಹೇಳುವಳು. ಒಂದು ದಿನ ಹತ್ತಿರ ಹೋಗಿ ನೋಡುತ್ತೇನೆ, ಅವಳು ತೆರೆದದ್ದು ಬೇರೆಯೇ ಪುಟ! ಹಲಗೆಯ ಮೇಲೆ ‘ಮರ’ ಎಂದು ಬರೆದು ಓದಲು ಹೇಳಿದೆ. ಬಾಯಿ ಬಿಡಲಿಲ್ಲ.

ಇಷ್ಟು ಚುರುಕಿನ ಹುಡುಗಿಗೆ ಎರಡಕ್ಷರ ಬಾರದೇ? ಎಲ್ಲ ನಾಟಕ, ಸೋಮಾರಿತನ ಎಂದು ತೀರ್ಮಾನಿಸಿಬಿಟ್ಟೆ. ಒಂದೇ ಪಾಠವನ್ನು ಹತ್ತು ಸಲ ಬರೆಸಿದೆ. ಶಾಲೆಯ ಗಂಟೆ ಹೊಡೆದರೆ, ಮಕ್ಕಳು ಬೊಬ್ಬೆ ಹಾಕಿದರೆ ಅವಳು ಎರಡೂ ಕಿವಿ ಮುಚ್ಚಿ ಬೆಂಚಿನ ಮೇಲೆ ಮುದುಡಿ ಕೂರುತ್ತಿದ್ದಳು. ಅದಕ್ಕೂ ಬೈದೆ.

ತಂದೆಗೆ ಡೈರಿಯಲ್ಲಿ ಬರೆಯತೊಡಗಿದೆ. ಮನೆಯಲ್ಲಿ ಓದಿಸಿ, ಕಾಗುಣಿತ ಬರೆಸಿ, ಗಮನ ಕೊಡಿ. ಮರುದಿನ ಪ್ರತಿ ಬರಹದ ಕೆಳಗೂ ಅಂದವಾದ ಸಹಿ ಇರುತ್ತಿತ್ತು. ಹುಡುಗಿಯ ಓದು ಮಾತ್ರ ಇದ್ದಲ್ಲೇ. ರೇಗಿಹೋಗಿ ಒಂದು ದಿನ ಕೆಂಪು ಶಾಯಿಯಲ್ಲಿ ಬರೆದೆ: ‘ಇದಕ್ಕೆ ಸಹಿ ಹಾಕಬೇಡಿ. ಶಾಲೆಗೆ ಬಂದು ನನ್ನನ್ನು ಕಾಣಿ.’ ಮರುದಿನ ಅದರ ಕೆಳಗೂ ಅದೇ ಅಂದದ ಸಹಿ. ಎಂಥ ಅಹಂಕಾರ ಎಂದುಕೊಂಡೆ. ಆ ಪುಟವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ ನಕ್ಕದ್ದೂ ಉಂಟು.

ದಸರಾ ರಜೆಯ ನಂತರ ನಮಗೆ ಎರಡು ದಿನದ ತರಬೇತಿ ನಡೆಯಿತು. ಡಿಸ್ಲೆಕ್ಸಿಯಾ ಎಂದರೇನೆಂದು ನಾನು ಸರಿಯಾಗಿ ಕೇಳಿದ್ದು ಅಲ್ಲೇ. ಬುದ್ಧಿಗೆ ಕೊರತೆ ಇರುವುದಿಲ್ಲ. ಅಕ್ಷರ ಮತ್ತು ಅದರ ಧ್ವನಿ ಒಂದಕ್ಕೊಂದು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಕೆಲವು ಮಕ್ಕಳಿಗೆ ಸದ್ದು, ಬೆಳಕು, ಮುಟ್ಟುವಿಕೆ ಕೂಡ ನಮಗಿಂತ ಜೋರಾಗಿ ತಾಗುತ್ತವೆ. ಇದು ಎಷ್ಟೋ ಮನೆಗಳಲ್ಲಿ ಹೆತ್ತವರಿಂದ ಮಕ್ಕಳಿಗೆ ಬರುತ್ತದೆ ಎಂದೂ ತರಬೇತಿ ಕೊಟ್ಟವರು ಹೇಳಿದರು. ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ, ಅಷ್ಟೇ. ನನ್ನ ತಲೆಯಲ್ಲಿ ಆಗ ಶ್ರಾವ್ಯ ಒಬ್ಬಳೇ ಇದ್ದಳು. ಹತ್ತು ಸಲ ಬರೆಸಿದ್ದು ನೆನಪಾಯಿತು.

ಅವಳಿಗೆ ಡಿಸ್ಲೆಕ್ಸಿಯಾ ಇದೆಯೇ ಎಂದು ಪರೀಕ್ಷೆ ಮಾಡಿಸಲು ತಂದೆಯ ಒಪ್ಪಿಗೆ ಪತ್ರ ಬೇಕಿತ್ತು. ಫೋನ್ ಮಾಡಿ ಕರೆಸಿದೆ. ಭಟ್ರು ಮಗಳ ಕೈಹಿಡಿದು ಸ್ಟಾಫ್ ರೂಮಿಗೆ ಬಂದರು. ವಿಷಯವನ್ನೆಲ್ಲ ವಿವರಿಸಿ, ಓದಿ ತುಂಬಿಸಿ ಎಂದು ಫಾರ್ಮ್ ಕೊಟ್ಟೆ. ಅವರು ಕಣ್ಣೂ ಹಾಯಿಸದೆ ಸಹಿ ಹಾಕಲು ನೇರ ಕಾಗದದ ಕೆಳತುದಿಗೆ ಪೆನ್ನು ಇಟ್ಟರು. ನನಗೆ ಆ ಕೆಂಪು ಶಾಯಿಯ ಪುಟ ನೆನಪಾಯಿತು.

“ನಿಲ್ಲಿ ಭಟ್ರೇ, ಡೈರಿಗೆ ಸಹಿ ಹಾಕಿದ ಹಾಗೆ ಹಾಕ್ಲಿಕ್ಕೆ ಇದು ಡೈರಿ ಅಲ್ಲ. ಮೊದಲು ಓದಿ. ಜೋರಾಗಿ ಓದಿ, ನಾವೂ ಕೇಳುವ.”

“ಕನ್ನಡಕ ತರ್ಲಿಲ್ಲ ಟೀಚರ್.”

“ಅದಕ್ಕೆಂತ, ನನ್ನದು ಉಂಟಲ್ಲ!” ಎಂದು ನನ್ನ ಕನ್ನಡಕ ತೆಗೆದುಕೊಟ್ಟೆ. ಉಳಿದ ಟೀಚರುಗಳು ತಿರುಗಿ ನೋಡುತ್ತಿದ್ದರು. ಅವರು ಅದನ್ನು ಹಾಕಿಕೊಂಡು ಕಾಗದ ಹಿಡಿದರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು, ಮತ್ತೊಮ್ಮೆ ಕೆಮ್ಮಿದರು.

ಶ್ರಾವ್ಯ ಅಪ್ಪನ ಮುಖ ನೋಡಿದಳು. ಮತ್ತೆ ಕಾಗದವನ್ನು ಮೆಲ್ಲಗೆ ಎಳೆದುಕೊಂಡಳು.

“ಅಪ್ಪನ ಸ್ವರ ಕೂತಿದೆ ಟೀಚರ್. ನಾನು ಓದ್ತೇನೆ.”

ಸಾಲಿನ ಮೇಲೆ ಬೆರಳು ಓಡಿಸುತ್ತ ಓದತೊಡಗಿದಳು. “ಮಗುವಿಗೆ ಬುದ್ಧಿ ಕಡಿಮೆ ಇಲ್ಲ. ಅಕ್ಷರ ಹಿಡಿಯುವ ದಾರಿ ಮಾತ್ರ ಬೇರೆ. ನೀವು ಹೆದರಬೇಡಿ.” ಐದು ನಿಮಿಷದ ಹಿಂದೆ ನಾನು ಅವಳ ಅಪ್ಪನಿಗೆ ಹೇಳಿದ ಮಾತುಗಳು, ಒಂದೂ ತಪ್ಪದೆ. ಆ ಕಾಗದದಲ್ಲಿ ಅದು ಯಾವುದೂ ಇರಲಿಲ್ಲ.

ದೇವರೇ! ಅಪ್ಪನಿಗೂ ಓದಲು ಬಾರದು ಎಂದು ನನಗೆ ಆಗ ಗೊತ್ತಾಯಿತು. ಭಟ್ರು ಕನ್ನಡಕ ತೆಗೆದು, ಶಾಲಿನ ತುದಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ನನಗೆ ಹಿಂದೆ ಕೊಟ್ಟು, ಮಗಳನ್ನು ಕರೆದುಕೊಂಡು ಹೊರಟುಹೋದರು. ಫಾರ್ಮ್ ಸಹಿಯಿಲ್ಲದೆ ಮೇಜಿನ ಮೇಲೆಯೇ ಉಳಿಯಿತು.

ವಾರದೊಳಗೆ ಟಿ.ಸಿ.ಗೆ ಅರ್ಜಿ ಬಂತು. ಯಾರ ಕೈಯಲ್ಲೋ ಬರೆಸಿದ್ದರು. ಹೆಡ್‌ಮಿಸ್ ಸಹಿ ಮಾಡಬೇಕಾದ ಜಾಗದಲ್ಲಿ ಭಟ್ರ ಅಂದವಾದ ಸಹಿ ಇತ್ತು.

ಅವರು ಬಜಪೆಯ ಸಂಬಂಧಿಕರ ಮನೆಗೆ ಹೋಗಿದ್ದರು. ಮುಂದಿನ ಭಾನುವಾರ ಫಾರ್ಮ್ ಹಿಡಿದುಕೊಂಡು ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿದೆ. ಭಟ್ರು ಕೂರಿಸಿ, ಬೆಲ್ಲ ನೀರು ಕೊಟ್ಟರು. ತಪ್ಪಾಯಿತು ಎಂದೆ. ತಾವು ಮೂರನೇ ಕ್ಲಾಸಿನಲ್ಲಿ ಪೆಟ್ಟು ತಡೆಯಲಾರದೆ ಶಾಲೆ ಬಿಟ್ಟದ್ದನ್ನು, ಮಂತ್ರಗಳನ್ನೆಲ್ಲ ತಂದೆಯ ಬಾಯಿಂದ ಕೇಳಿಯೇ ಕಲಿತದ್ದನ್ನು ಹೇಳಿದರು.

“ನನಗೆ ಹೇಳಿದ್ದಕ್ಕೆ ಬೇಜಾರಿಲ್ಲ ಟೀಚರ್. ಅಪ್ಪನಿಗೆ ಎಲ್ಲ ಓದ್ಲಿಕ್ಕೆ ಬರ್ತದೆ ಅಂತ ಅವಳು ಎಣಿಸಿದ್ದಳು. ಇನ್ನು ಪುಸ್ತಕ ಮುಟ್ಟುದಿಲ್ಲ ಹೇಳ್ತಾಳೆ.”

ನಾನು ಫಾರ್ಮ್ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ಅಷ್ಟನ್ನೂ ಹಾಗೆಯೇ ತಿರುಗಿ ಒಪ್ಪಿಸಿದರು. ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿದರು. ಇಡೀ ಕೆಲಸಕ್ಕೆ ಹತ್ತು ನಿಮಿಷ ಹಿಡಿಯಲಿಲ್ಲ.

ಆ ಪರೀಕ್ಷೆಗೆ ಶ್ರಾವ್ಯ ಹೋಗಲೇ ಇಲ್ಲ. ಏಳನೆಯದಕ್ಕೆ ಶಾಲೆ ಬಿಟ್ಟಳೆಂದು ಆಮೇಲೆ ಕೇಳಿದೆ. ನಿವೃತ್ತಿಯಾಗುವವರೆಗೂ ನಾನು ಡೈರಿಯಲ್ಲಿ ಬರೆದದ್ದನ್ನೆಲ್ಲ ಗೇಟಿನ ಬಳಿ ನಿಂತು ಹೆತ್ತವರಿಗೆ ಬಾಯಲ್ಲೂ ಹೇಳಿದೆ, ಒಬ್ಬೊಬ್ಬರನ್ನೇ ಬದಿಗೆ ಕರೆದು. ಮಗುವಿಗೆ ಏನು ಬರುವುದಿಲ್ಲ ಎಂದು ತಿಳಿದರೆ ಸಾಲದು, ಅದನ್ನು ಯಾರೆದುರು ಕೇಳುತ್ತೇವೆ ಎಂಬುದೂ ಟೀಚರಿಗೆ ಗೊತ್ತಿರಬೇಕು. ಆ ಹುಡುಗಿಗೆ ಮಾತ್ರ ಇದರಿಂದ ಏನೂ ಸಿಗಲಿಲ್ಲ.

ಆ ಭಾನುವಾರ ನಾನು ಹೊರಡುವಾಗ ಅವಳು ಬಾಗಿಲ ಹಿಂದಿನಿಂದ ಕೇಳಿದಳು: “ಟೀಚರ್, ಆ ಪರೀಕ್ಷೆ ಮಾಡುವಲ್ಲಿ ಅಪ್ಪನಿಗೂ ಓದ್ಲಿಕ್ಕೆ ಹೇಳ್ತಾರಾ?”

“ಇಲ್ಲ ಮಗಾ, ಯಾರೂ ಹೇಳುದಿಲ್ಲ” ಎಂದೆ.

ಅವಳು ನಂಬಲಿಲ್ಲ.