ಬರೆಗೆ ಹೆದರಿ ಓಡಿದ ನೋವು

ಇವತ್ತು ತಾಳವಾಡಿಯ ಮಾಂಸದಂಗಡಿ ಮುಂದೆ ಆಡಿನ ತಲೆ ಸುಡುತ್ತಿದ್ದರು. ಆ ಕಮರು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೊಣಕಾಲಿನ ಹಳೇ ಕಲೆ ಚುರ್ ಎಂದಿತು.

ನಾನು ಚಿಕ್ಕವಳಿದ್ದಾಗ ಪಣಕಹಳ್ಳಿಯಲ್ಲಿದ್ದೆವು. ನನಗೆ ಗಂಟಲು ನೋವು ಬಂದು ಹೋದ ಮೇಲೆ ಜ್ವರ ಹತ್ತಿ, ಮೊಣಕಾಲು ಊದಿಕೊಂಡಿತು. ಅಜ್ಜಿ ಕುಡುಗೋಲನ್ನು ಕೆಂಡದಲ್ಲಿ ಹೂತಳು. ಅಪ್ಪ ನನ್ನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಮಂಡಿಯೂರಿದ.

"ಬುಡ್ಬೇಡ ಕಣ್ಲಾ, ಗಟ್ಟಿಯಾಗಿ ಇಡ್ಕೊ," ಎಂದಳು ಅಜ್ಜಿ.

ಚರ್ಮ ಸುಟ್ಟು ಹೊಗೆಯೆದ್ದಿತು. ಅಪ್ಪನ ಕೈಯನ್ನು ರಕ್ತ ಬರುವಂತೆ ಕಚ್ಚಿದೆ. ಅವನು ಬಿಡಲಿಲ್ಲ.

ಮೊಣಕಾಲಿನ ಊತ ಇಳಿಯಿತು, ಮೊಣಕೈ ಊದಿತು.

"ನೋಡ್ದಾ? ಬರೆಗೆ ಎದ್ರಕಂಡು ಓಡೋಯ್ತಾ ಅದ!" ಗೆದ್ದವಳಂತೆ ಅಜ್ಜಿ ಮತ್ತೆ ಕುಡುಗೋಲು ಕಾಯಿಸಿದಳು. ಮೊಣಕೈ, ಮಣಿಕಟ್ಟು, ಕಾಲಿನ ಗಂಟು. ನೋವು ಹೋದಲ್ಲೆಲ್ಲ ಕಬ್ಬಿಣ ಬೆನ್ನಟ್ಟಿತು. ಕಡೆಗೊಂದು ದಿನ ಎಲ್ಲೂ ನೋವಿರಲಿಲ್ಲ. ಅಜ್ಜಿ ದೇವರಿಗೆ ಕೋಳಿ ಕುಯ್ದಳು.

ಎಷ್ಟೋ ವರ್ಷಗಳ ಮೇಲೆ, ಬಸುರಿಯಾಗಿದ್ದಾಗ ಏದುಸಿರು ಹತ್ತಿ ಆಸ್ಪತ್ರೆಗೆ ಹೋದೆ. ಡಾಕ್ಟರು ಅಪ್ಪನೆದುರೇ ಬಿಡಿಸಿ ಹೇಳಿದರು. ಆ ಗಂಟಲು ನೋವಿಗೆ ಔಷಧಿಯೇ ಬಿದ್ದಿರಲಿಲ್ಲ. ಗಂಟಲಿನ ಸೋಂಕಿನ ಮೇಲೆ ಕಾದಾಡಬೇಕಿದ್ದ ಮೈಯ ಶಕ್ತಿ ನನ್ನ ಮೇಲೇ ತಿರುಗಿಬಿದ್ದು ಕೀಲುಗಳನ್ನೂ ಹೃದಯವನ್ನೂ ಕಾಡಿತ್ತು. ಕೀಲುನೋವು ಬರೆಯಿಲ್ಲದೆಯೂ ಹೀಗೇ ಜಾಗ ಬದಲಿಸಿ ಹೋಗುತ್ತದಂತೆ. ಹೃದಯದ ಕವಾಟಕ್ಕೆ ಬಿದ್ದ ಪೆಟ್ಟು ಮಾತ್ರ ಹೋಗಲಿಲ್ಲ. ಕವಾಟ ದಪ್ಪಗಾಗಿ, ಅಂಟಿಕೊಂಡು, ಸರಿಯಾಗಿ ತೆರೆಯುತ್ತಿಲ್ಲ.

ಇವತ್ತು ಆ ಅಂಗಡಿ ಮುಂದೆ ಅಪ್ಪನೂ ಜೊತೆಗಿದ್ದ. ಕೈಮೇಲಿನ ನನ್ನ ಹಲ್ಲಿನ ಗುರುತನ್ನು ಸವರುತ್ತಾ ಕೇಳಿದ: "ಅವತ್ತು ಇನ್ನೂ ಜೋರಾಗಿ ಕಚ್ಬಾರ್ದಾಗಿತ್ತಾ, ಕೂಸೇ?"