ಎಳ್ಳುಕಾಳಿನಷ್ಟು ತೂತು

ಏಳು ವರ್ಷ ನಾನು ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಅಚ್ಚಿನಿಂದ ಹೊರಬಂದ ಅಲ್ಯೂಮಿನಿಯಂ ಭಾಗಗಳ ಅಂಚಿನಲ್ಲಿ ಮುಳ್ಳಿನಂತೆ ಉಳಿದ ಸಿಬಿರನ್ನು ಸಣ್ಣ ಗ್ರೈಂಡರ್ ಹಿಡಿದು ತೆಗೆಯುವುದು ನನ್ನ ಕೆಲಸ. ಕಣ್ಣಿಗೆ ಕಾಣದ ಸಿಬಿರು ಕೂಡ ಬೆರಳಿಗೆ ಸಿಗುತ್ತಿತ್ತು. ಒಂದು ಮಾರ್ಚ್ ತಿಂಗಳಲ್ಲಿ ಗುತ್ತಿಗೆ ಮುಗಿಯಿತು, ಮತ್ತೆ ಕರೆಯಲಿಲ್ಲ. ಮದುವೆಯಾಗದೆ ಮೂವತ್ತಾರು ದಾಟಿದ್ದ ನಾನು ಅವ್ವ, ತಮ್ಮ, ಅವನ ಹೆಂಡತಿ ಇದ್ದ ಮನೆಯಲ್ಲಿ ಹಗಲು ಹೊತ್ತು ಏನು ಮಾಡಬೇಕೆಂದು ತಿಳಿಯದೆ ಓಡಾಡತೊಡಗಿದೆ. ಬೆಳಿಗ್ಗೆ ಐದಕ್ಕೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ತಮ್ಮ ಶಿಫ್ಟ್ ಬಸ್ಸಿಗೆ ಓಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ತಮ್ಮನ ಬಳಿ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಐದು ಜನ ಕೂತರೆ ಮಾಗಡಿ ರಸ್ತೆಯ ಏರಿನಲ್ಲಿ ಎಳೆಯುತ್ತಿರಲಿಲ್ಲ. ಅವನು ಫೋನಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ಒಂದು ಸಂಜೆ ನನ್ನ ಹತ್ತಿರ ಬಂದು ಕೂತ.

"ಅಕ್ಕ, ಎಂಜಿನ್‌ಗೆ ಗಾಳಿ ಹೋಗೋ ಪೈಪ್ ಐತಲ್ಲ, ಮ್ಯಾನಿಫೋಲ್ಡು, ಅದರ ಒಳಗೆ ಒಸಿ ಕೆರೆದು ದೊಡ್ಡದು ಮಾಡಿ ನುಣ್ಣಗೆ ಮಾಡುದ್ರೆ ಪಿಕಪ್ ಬತ್ತದಂತೆ. ಹೊರಗೆ ಕೊಟ್ರೆ ಯಾರು ಹೆಂಗ್ ಮಾಡ್ತಾರೋ. ನಿನ್ ಕೈ ಥರ ಕೈ ಯಾರಿಗೈತೆ?"

ಆ ಕೊನೆಯ ಮಾತೇ ಸಾಕಾಯಿತು. "ತಗೊಂಡ್ ಬಾ ಕಣ್ಲಾ" ಅಂದೆ.

ಕಾರಿನ ಕೆಲಸವೆಲ್ಲ ನೋಡಿಕೊಳ್ಳುತ್ತಿದ್ದವರು ಕೆಂಗಲ್ ಹತ್ತಿರ ಗ್ಯಾರೇಜ್ ಇಟ್ಟಿದ್ದ ಒಬ್ಬ ಮೇಸ್ತ್ರಿ. ವಯಸ್ಸು ಅರವತ್ತರ ಹತ್ತಿರ, ಮಾತು ಕಡಿಮೆ. "ಕಂಪ್ನಿಯೋರು ಲೆಕ್ಕ ಹಾಕಿ ಮಾಡಿರೋದನ್ನ ಯಾಕೆ ಕೆರೀತೀರಪ್ಪ?" ಎಂದು ತಮ್ಮನಿಗೆ ಹೇಳಿದರಂತೆ. ಆದರೂ ಬಿಚ್ಚಿ ಕೊಟ್ಟರು. "ಗೋಡೆ ತೆಳ್ಳಗಿರೋ ಕಡೆ ಜಾಸ್ತಿ ಹೋಗ್ಬೇಡಿ. ಕನ್ನಡಿ ಥರಾನೂ ಮಾಡ್ಬೇಡಿ" ಅಂತಲೂ ಹೇಳಿ ಕಳಿಸಿದ್ದರು.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಅದನ್ನಿಟ್ಟುಕೊಂಡೆ. ಒಂದು ಬುಡದಿಂದ ನಾಲ್ಕು ಕೊಳವೆಗಳು ಬಾಗಿ ಹೊರಟಿದ್ದವು, ತಲೆಕೆಳಗಾದ ಹಸುವಿನ ಕೆಚ್ಚಲಿನಂತೆ. ಒಳಗೆ ಕೈಯಾಡಿಸಿದರೆ ಮರಳಿನಂಥ ಒರಟು. ಜೋಡಣೆಯ ನಡುವೆ ಕೂರಿಸುವ ಗ್ಯಾಸ್ಕೆಟ್ಟನ್ನು ಕೊಳವೆಯ ಬಾಯಿಗೆ ಒತ್ತಿ ಹಿಡಿದು ಮಾರ್ಕರ್‌ನಿಂದ ಗೆರೆ ಎಳೆದೆ. ಗೆರೆಯವರೆಗೆ ಕೆರೆಯಬೇಕು, ಅಲ್ಲಿಂದ ಒಳಕ್ಕೆ ನಿಧಾನವಾಗಿ ಇಳಿಸಿ ಹಳೆಯ ಗೋಡೆಗೆ ಕೂಡಿಸಬೇಕು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಗ್ರೈಂಡರಿನ ಹಲ್ಲಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಆಗಾಗ ಮೇಣದಬತ್ತಿ ಉಜ್ಜುತ್ತಿದ್ದೆ. ಮೂಗಿಗೆ ದುಪಟ್ಟಾ ಕಟ್ಟಿಕೊಂಡಿದ್ದರೂ ನಾಲಿಗೆಯ ಮೇಲೆಲ್ಲ ಲೋಹದ ರುಚಿ. ಪಕ್ಕದ ದೊಡ್ಡಪತ್ರೆ ಗಿಡದ ಎಲೆಗಳು ಲೋಹದ ಪುಡಿ ಕೂತು ಬೆಳ್ಳಗೆ ಮಿನುಗತೊಡಗಿದ್ದವು.

"ಏನೇ ಅದು ಕರ್ಕಶ! ಅಕ್ಕಪಕ್ಕದೋರು ಮನೆ ಬುಟ್ಟು ಓಡೋಯ್ತಾರೆ" ಎಂದು ಅವ್ವ ಬೈಯುತ್ತಿದ್ದಳು. ಆದರೆ ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಅದು ಅವಳಿಗೂ ಕಂಡಿರಬೇಕು.

ಎರಡು ದಿನದಲ್ಲಿ ಎರಡು ಕೊಳವೆ ಮುಗಿದವು. ಮೂರನೆಯದರ ಹೊರಮೈಯಲ್ಲಿ ಬೋಲ್ಟು ಕೂರಲು ಒಂದು ಗುಳಿಯಿತ್ತು. ಅಲ್ಲಿ ಗೋಡೆ ತೆಳ್ಳಗಿರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಪಕ್ಕದ ಎರಡರ ಹಾಗೇ ಇದೂ ಬರಲಿ ಎಂಬ ಹಟಕ್ಕೆ ಬಿದ್ದು ಇನ್ನೊಂದು ಸುತ್ತು ಕೆರೆದೆ. ಗ್ರೈಂಡರಿನ ಸದ್ದು ಒಂದು ಕ್ಷಣ ಬದಲಾಯಿತು. ನಿಲ್ಲಿಸಿ ಬಿಸಿಲಿಗೆ ಹಿಡಿದು ನೋಡಿದರೆ ಎಳ್ಳುಕಾಳಿನಷ್ಟು ಬೆಳಕು ಕಾಣಿಸಿತು.

ಕಾರ್ಖಾನೆಯಲ್ಲಾಗಿದ್ದರೆ ಹಾಳಾದ ಭಾಗವನ್ನು ಕೆಂಪು ಡಬ್ಬಕ್ಕೆ ಹಾಕಿ, ಚೀಟಿಯ ಮೇಲೆ ನನ್ನ ನಂಬರು ಬರೆದರೆ ಮುಗಿಯುತ್ತಿತ್ತು. ಸೂಪರ್‌ವೈಸರ್ ಒಂದು ಮಾತು ಬೈದು ಮುಂದಕ್ಕೆ ಹೋಗುತ್ತಿದ್ದರು. ಇಲ್ಲಿ ಹಾಗಲ್ಲ. ತಮ್ಮ ತನ್ನ ಗೆಳೆಯರಿಗೆಲ್ಲ "ನಮ್ಮಕ್ಕ ಮಾಡ್ತಾವ್ಳೆ" ಎಂದು ಹೇಳಿಕೊಂಡು ಬಂದಿದ್ದ. ಇದೊಂದು ಕೆಲಸವೂ ನನ್ನ ಕೈಯಿಂದ ಹೋಯಿತು ಅನ್ನಿಸಿತು. ನೀರಿನ ಟ್ಯಾಂಕ್ ಸೋರಿದಾಗ ತಮ್ಮ ತಂದಿದ್ದ ಅಂಟು ಉಳಿದಿತ್ತು, ಎರಡು ಬಣ್ಣದ ಮುದ್ದೆ ಕಲಸಿ ಹಚ್ಚುವಂಥದ್ದು. ಅದನ್ನು ಒಳಗೂ ಹೊರಗೂ ಮೆತ್ತಿದೆ. ಲೋಹದಂಥದ್ದೇ ಬೂದು ಬಣ್ಣಕ್ಕೆ ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದೆ. ಬೆರಳಿಗೂ ಸಿಗದಷ್ಟು ಸಮವಾಯಿತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ.

ನಾಲ್ಕನೆಯ ಕೊಳವೆಯನ್ನೂ ಮುಗಿಸಿ, ಭಾನುವಾರ ತಮ್ಮನ ಜೊತೆ ನಾನೂ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಮ್ಯಾನಿಫೋಲ್ಡಿನೊಳಗೆ ಹೆಬ್ಬೆರಳು ಹಾಕಿ ತಿರುಗಿಸಿ ನೋಡಿದರು. ಮುಖದಲ್ಲಿ ಮೆಚ್ಚುಗೆ ಇತ್ತು.

"ಎಲ್ಲಾದ್ರೂ ಗೋಡೆ ತೆಳ್ಳಗಾಗೈತೇನಮ್ಮ? ತೂತೇನಾದ್ರೂ?"

"ಇಲ್ಲ ಮೇಸ್ತ್ರಿ" ಅಂದೆ.

"ನೀವು ಕಂಪ್ನಿಲಿ ಮಾಡ್ದೋರು. ನಿಮಗ್ ನಾನೇನ್ ಹೇಳೋದು" ಎಂದು ಜೋಡಿಸಲು ಕೂತರು.

ಎರಡು ವಾರ ಕಾರು ನಿಜಕ್ಕೂ ಚೆನ್ನಾಗಿ ಓಡಿತು. ಹತ್ತು ಸಲವಾದರೂ ತಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು "ನೋಡಕ್ಕ ಎಳೆಯೋದ" ಎಂದ. ಅವನ ಇಬ್ಬರು ಗೆಳೆಯರು ನಮ್ಮ ಕಾರಿನದನ್ನೂ ಮಾಡಿಕೊಡಿ ಎಂದು ಮನೆಗೇ ಬಂದರು. ನಾನು ಕಾಫಿ ಕೊಟ್ಟು, ದೊಡ್ಡ ತಜ್ಞೆಯ ಹಾಗೆ ಮಾತಾಡಿ ಕಳಿಸಿದೆ. ಅಂಟು ಹಿಡಿದುಕೊಂಡಿದೆ, ಇನ್ನು ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾಗಡಿ ಕಡೆ ನಂಟರ ಮನೆಯಲ್ಲಿ ಬೀಗರೂಟವಿತ್ತು. ನಾಲ್ವರೂ ಹೊರಟೆವು. ಮಟನ್ ಊಟಕ್ಕೆ ಹಸಿವಿರಲಿ ಎಂದು ಅವ್ವ ಬೆಳಿಗ್ಗೆ ಮಾತ್ರೆ ನುಂಗಿ, ಅರ್ಧ ಇಡ್ಲಿ ತಿಂದು ಎದ್ದಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಏರು ಶುರುವಾದ ಮೇಲೆ ಕಾರು ಮಿಸ್ಸಿಂಗ್ ಹೊಡೆಯತೊಡಗಿತು, ಉಬ್ಬಸದವರ ಉಸಿರಿನ ಹಾಗೆ. ಆಮೇಲೆ ಬಾನೆಟ್ಟಿನೊಳಗೆ ಟಕ್ ಟಕ್ ಎಂಬ ಸದ್ದು ಬಂದು ತಿರುವಿನಲ್ಲಿ ನಿಂತೇ ಹೋಯಿತು. ಹಿಂದೆ ಬರುತ್ತಿದ್ದ ಜಲ್ಲಿ ಲಾರಿ ಪಕ್ಕಕ್ಕೆ ಸರಿದು ಹಾರನ್ ಹೊಡೆದುಕೊಂಡು ಹೋಯಿತು. ಆ ಟಕ್ ಟಕ್ ಸದ್ದು ಕೇಳಿದಾಗಲೇ ನನಗೆ ಅರ್ಥವಾಗಿತ್ತು. ಪೆಟ್ರೋಲ್ ತಾಗಿ ತಾಗಿ ಅಂಟು ಸಡಿಲಾಗಿ ಎಂಜಿನ್ನಿನೊಳಕ್ಕೆ ಹೋಗಿದೆ.

ಕಾರನ್ನು ಎಳೆದೊಯ್ಯುವ ಗಾಡಿಗೆ ಫೋನ್ ಮಾಡಿ ಒಂದೂವರೆ ಗಂಟೆ ಬಿಸಿಲಲ್ಲಿ ಕಾದೆವು. ಅವ್ವ ಹೊಂಗೆ ಮರದ ಕೆಳಗೆ ಕೂತಿದ್ದವಳು "ತಲೆ ಒಂಥರಾ ಆಯ್ತಾ ಐತೆ" ಎನ್ನುತ್ತ ಹಾಗೇ ಪಕ್ಕಕ್ಕೆ ವಾಲಿದಳು. ಮೈಯೆಲ್ಲ ಬೆವರು, ಕೈ ತಣ್ಣಗೆ. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ತಮ್ಮನ ಹೆಂಡತಿ ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ಆಟೋ ನಿಲ್ಲಿಸಿ, ಆಟೋದವರ ಹತ್ತಿರವಿದ್ದ ಬಿಸ್ಕತ್ತು ಇಸಿದುಕೊಂಡು ನೀರಲ್ಲಿ ನೆನೆಸಿ ತಿನ್ನಿಸಿದಳು. ಅದೇ ಆಟೋದಲ್ಲಿ ಅವ್ವನನ್ನೂ ಅವಳನ್ನೂ ಆಸ್ಪತ್ರೆಗೆ ಕಳಿಸಿದೆವು. ಸಂಜೆಯ ಹೊತ್ತಿಗೆ ಅವ್ವ ಸುಧಾರಿಸಿಕೊಂಡಳು.

ಆದರೆ ಅಷ್ಟರಲ್ಲಿ ತಮ್ಮನ ಸಿಟ್ಟು ಮೇಸ್ತ್ರಿಯ ಮೇಲೆ ತಿರುಗಿತ್ತು. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದಾಗ ಅಲ್ಲಿ ನಾಲ್ಕೈದು ಗಿರಾಕಿಗಳಿದ್ದರು. "ಜೋಡ್ಸಕ್ಕೆ ಬರ್ದಿದ್ರೆ ಬರಲ್ಲ ಅನ್ಬೇಕಾಗಿತ್ತು. ಏನ್ ಬುಟ್ಟಿದ್ರಿ ಒಳಗೆ, ನಟ್ಟೋ ಬೋಲ್ಟೋ? ನಮ್ಮವ್ವ ಸತ್ತೋಗಿದ್ರೆ?" ಎಂದು ಕೂಗಾಡಿದ. ನಾನು ಅವನ ಹಿಂದೆಯೇ ನಿಂತಿದ್ದೆ.

ಮೇಸ್ತ್ರಿ ಹೇಳಿದ್ದು ಇಷ್ಟೇ: "ಎಂಜಿನ್ ಹೆಡ್ ಇಳ್ಸಿ ನೋಡಣ. ನನ್ ತಪ್ಪಿದ್ರೆ ಆಮೇಲೆ ಬಯ್ಯಿ."

ತಮ್ಮ ಕೇಳಲಿಲ್ಲ. ಕಾರನ್ನು ಚನ್ನಪಟ್ಟಣದ ಇನ್ನೊಂದು ಗ್ಯಾರೇಜಿಗೆ ಸಾಗಿಸಿದ. ಜೊತೆಗೆ ಕೆಲಸ ಮಾಡುವವರಿಗೆಲ್ಲ ಆ ಮೇಸ್ತ್ರಿಯ ಹತ್ತಿರ ಹೋಗಬೇಡಿ ಎಂದು ಸಾರಿದ. ಐದು ದಿನ ನಾನು ಬಾಯಿ ಬಿಡಲಿಲ್ಲ. ಹೊಸ ಗ್ಯಾರೇಜಿನವರು ಸೋಮವಾರ ಎಂಜಿನ್ ಬಿಚ್ಚುತ್ತೇವೆ ಎಂದಿದ್ದರು. ನಾನು ಬಾಯಿ ಬಿಟ್ಟದ್ದು ಭಾನುವಾರ ಬೆಳಿಗ್ಗೆ. ಅವರು ಬಿಚ್ಚುವುದಿಲ್ಲ ಎಂದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ತಮ್ಮ ಜಗಲಿಯ ಮೇಲೆ ಕೂತು ಶೂ ಒರೆಸುತ್ತಿದ್ದ. ಅವತ್ತು ಅವನಿಗೆ ಓಟಿ ಇತ್ತು.

"ಮೇಸ್ತ್ರಿದೇನೂ ತಪ್ಪಿಲ್ಲ ಕಣೋ. ನಾನೇ ಕೆರೆಯುವಾಗ ತೂತು ಮಾಡ್ಬುಟ್ಟೆ. ಅಂಟು ಮೆತ್ತಿ ಮುಚ್ಚಿದ್ದೆ."

ಅವನು ಕೂಗುತ್ತಾನೆ ಎಂದುಕೊಂಡಿದ್ದೆ. ಕೂಗಲಿಲ್ಲ. ಬಟ್ಟೆ ಕೆಳಗಿಟ್ಟು, "ನನ್ ಎದುರಿಗೇ ಕೇಳುದ್ರಲ್ಲಕ್ಕ ಅವ್ರು" ಅಂದ. ಶೂ ಹಾಕಿಕೊಳ್ಳುತ್ತ, "ಅವತ್ತು ನಾನು ಬಯ್ಯುವಾಗಾದ್ರೂ ಹೇಳ್ಬೋದಿತ್ತು" ಅಂದ. ಊಟದ ಡಬ್ಬಿ ತೆಗೆದುಕೊಳ್ಳದೆ ಹೋದ.

ಸಂಜೆ ಬಂದವನೇ "ನೀನೂ ಬಾ" ಅಂದ. ಕೆಂಗಲ್ಲಿಗೆ ಹೋದೆವು. ಮೇಸ್ತ್ರಿ ಒಂದು ವ್ಯಾನಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ನಮ್ಮ ಕಾಲು ಕಂಡರೂ ಹೊರಗೆ ಬರಲಿಲ್ಲ. ಕಾದೆವು. ಬಂದ ಮೇಲೆ ನಾನು ಎಲ್ಲ ಹೇಳಿದೆ. ಅವರು ಹಳೇ ಬನಿಯನ್ನಿನ ಚೂರಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ತೂತು ಬಿದ್ದಿದ್ದು ತಪ್ಪಲ್ಲ ಕಣಮ್ಮ. ನನ್ ಕೈಲೂ ಬಿದ್ದವೆ. ಅವತ್ತೇ ಹೇಳಿದ್ರೆ ವೆಲ್ಡಿಂಗ್ ಮಾಡ್ಸಿ ಕೊಡ್ತಿದ್ದೆ, ಅರ್ಧ ಗಂಟೆ ಕೆಲಸ."

ತಮ್ಮ ಕೈ ಮುಗಿಯಲು ಹೋದ. ಅವರು ಬೇಡವೆಂದರು. "ನೀವಿಬ್ರೂ ನಂಗ್ ಹೇಳುದ್ರಿ, ಸರಿ. ಅವತ್ತು ಇಲ್ಲಿ ನಿಂತು ಕೇಳುಸ್ಕಂಡೋರ್ಗೆ ಯಾರು ಹೇಳ್ತಾರೆ?"

ತಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ತನ್ನ ಜೊತೆ ಕೆಲಸ ಮಾಡುವವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದ. "ಮೇಸ್ತ್ರಿದಲ್ಲ ಕಣ್ಲಾ, ನಮ್ಮನೇದೇ ತಪ್ಪು" ಎಂದು ಪ್ರತಿ ಸಲ ಹೇಳುವಾಗಲೂ ನನ್ನ ಹೆಸರು ಹೇಳಲಿಲ್ಲ. ಅವತ್ತು ಗ್ಯಾರೇಜಿನಲ್ಲಿದ್ದ ಗಿರಾಕಿಗಳು ಯಾರೆಂದು ನಮಗೆ ಗೊತ್ತಿರಲಿಲ್ಲ.

ಕಾರನ್ನು ಚನ್ನಪಟ್ಟಣದಿಂದ ಮತ್ತೆ ಕೆಂಗಲ್ಲಿಗೆ ತಂದೆವು, ಮೇಸ್ತ್ರಿಯೇ ರಿಪೇರಿ ಮಾಡಿದರು. ಒಂದು ವಾಲ್ವ್ ಬಾಗಿತ್ತು. ಗುಜರಿಯಲ್ಲಿ ಸಿಕ್ಕ, ಯಾರೂ ಮುಟ್ಟದ ಒರಟು ಮ್ಯಾನಿಫೋಲ್ಡನ್ನೇ ಹಾಕಿದರು. ಕಾರು ಮೊದಲಿನ ಹಾಗೇ ಏರಿನಲ್ಲಿ ಏದುಸಿರು ಬಿಡುತ್ತದೆ. ತಮ್ಮ ಈಗಲೂ ನನ್ನ ಜೊತೆ ಸರಿಯಾಗೇ ಮಾತಾಡುತ್ತಾನೆ. ಆದರೆ ಬಾನೆಟ್ ಎತ್ತಿದಾಗ ನನ್ನನ್ನು ಕರೆಯುವುದಿಲ್ಲ. ಅವನ ಗೆಳೆಯರೂ ಮತ್ತೆ ಬರಲಿಲ್ಲ.

ಅವ್ವನಿಗೆ ನಾವು ಏನೂ ಹೇಳಿರಲಿಲ್ಲ. ಗ್ಯಾರೇಜಿನ ಮುಂದೆ ಹೋಗುವಾಗೆಲ್ಲ ಅವಳು ಆ ಕಡೆ ನೋಡದೆ "ಅವ್ನ್ ಕೈಗೆ ಮಣ್ ಬೀಳ" ಎಂದು ಗೊಣಗುತ್ತಿದ್ದಳು. ಮೂರು ಸಲ ಕೇಳಿಸಿಕೊಂಡು ಸುಮ್ಮನಿದ್ದೆ. ನಾಲ್ಕನೆಯ ಸಲ ಮನೆಗೆ ಬಂದ ಮೇಲೆ, ಅವಳು ಸೊಪ್ಪು ಸೋಸುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ.

ಅವ್ವ ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ಕೆಳಗಿಟ್ಟಳು.

"ಅವತ್ತು ಮರದ ಕೆಳಗೆ ನಾನು ನಿನ್ ತೊಡೆ ಮೇಲೆ ಮಲಗಿದ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

ಅವಳು ಸೋಸಿದ ಸೊಪ್ಪನ್ನು ಎತ್ತಿಕೊಂಡು ತೊಳೆಯಲು ಒಳಗೆ ಹೋದಳು.