ಅಂಗಳಕ್ಕಿಳಿಯದ ಮಾಸ್ತರು

ಇಂಡಿಯಲ್ಲಿ ನಾನು ಓದುತ್ತಿದ್ದಾಗ ಖೊ-ಖೊ ಆಟದಲ್ಲಿ ನನ್ನನ್ನು ಮುಟ್ಟುವುದು ಯಾರಿಗೂ ಸುಲಭವಿರಲಿಲ್ಲ. ಆ ಒಂದು ಗುಣದಿಂದಲೇ, ಎಪ್ಪತ್ತರ ದಶಕದ ನಡುವಿನಲ್ಲಿ, ಸಿಂದಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟ ಕಲಿಸುವ ಹಂಗಾಮಿ ಕೆಲಸ ಸಿಕ್ಕಿತು. ಕೆಲಸ ಕಾಯಂ ಆಗಬೇಕಾದರೆ ದೈಹಿಕ ಶಿಕ್ಷಣದ ಸರ್ಟಿಫಿಕೇಟು ಬೇಕಿತ್ತು. ಬೇಸಿಗೆಯ ತರಬೇತಿ ಮುಗಿಸಿ ಪರೀಕ್ಷೆಗೆ ಕೂತೆ. ಪರೀಕ್ಷೆಯಲ್ಲಿ ಎರಡು ಭಾಗ: ಕೋಣೆಯಲ್ಲಿ ಕೂತು ಬರೆಯುವುದು ಒಂದು, ಮೈದಾನದಲ್ಲಿ ಓಡಿ ಜಿಗಿದು ತೋರಿಸುವುದು ಇನ್ನೊಂದು. ಯಾವುದರಲ್ಲಿ ನಪಾಸಾದರೂ ಮರುವರ್ಷ ಎರಡನ್ನೂ ಕೊಡಬೇಕು. ನಾನು ಮೈದಾನದಲ್ಲಿ ಎಲ್ಲರಿಗಿಂತ ಮುಂದಿದ್ದೆ, ಬರವಣಿಗೆಯಲ್ಲಿ ಬಿದ್ದೆ.

ಯಾಕೆ ಬಿದ್ದೆನೆಂದು ನನಗೆ ತಿಳಿಯಲೇ ಇಲ್ಲ. ಕೇಳಿ ಕೇಳಿ ಹೆಚ್ಚಿನ ಹಾಳೆ ತೆಗೆದುಕೊಂಡು ತುಂಬಿಸಿದ್ದೆ.

ಸಿಂದಗಿಯಲ್ಲಿ ನಾನಿದ್ದದ್ದು ಸೋದರತ್ತೆಯ ಮನೆಯಲ್ಲಿ. ಅಪ್ಪನ ಅಕ್ಕ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನ ಮುಂದೆಯೇ ಹಾಲಿನಲ್ಲಿ ಬೆರಳಾಡಿಸಿ ನೋಡುವಳು, ಕಾಯಿಪಲ್ಲೆಯವಳ ತಕ್ಕಡಿಯನ್ನು ಎತ್ತಿ ತಳ ತಡವಿ ನೋಡುವಳು. ನಾನು ನಪಾಸಾದೆ ಎಂದಾಗ, "ಪೇಪರ್ ತಪಾಸ್ ಮಾಡಿದಾವಗ ನಮ್ಮ ಮ್ಯಾಲ ಏನೋ ಸಿಟ್ಟೈತಿ" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಳು.

ನನ್ನ ಜೊತೆಗೇ ನಪಾಸಾದವನು ಮುದ್ದೇಬಿಹಾಳದ ಒಬ್ಬ ಕಬಡ್ಡಿ ಆಟಗಾರ. ಗಂಡುಮಕ್ಕಳ ಹೈಸ್ಕೂಲಿನಲ್ಲಿ ನನ್ನ ಹಾಗೆಯೇ ಹಂಗಾಮಿ. ಒಂದು ದಿನ ಅವನು ವಾಚನಾಲಯದಲ್ಲಿ ಪರಿಚಯವಾದ ಒಬ್ಬರನ್ನು ನಮ್ಮ ಮನೆಗೆ ಕರೆತಂದ. ಮೂವತ್ತರ ಆಚೆಯ ತೆಳ್ಳನೆಯ ಮನುಷ್ಯ, ಬಾಗೇವಾಡಿ ಕಡೆಯವರು. ಸಿಂದಗಿಯಲ್ಲಿ ಬಾಡಿಗೆ ಕೋಣೆ ಹಿಡಿದು ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು, ಮುಂಗೈವರೆಗೆ ಗುಂಡಿ ಹಾಕಿದ ಅಂಗಿ.

"ಅಕ್ಕಾರ, ಇವ್ರು ದೈಹಿಕ ಶಿಕ್ಷಣದ ಥಿಯರಿ ಹೇಳಿಕೊಡ್ತಾರ. ರೊಕ್ಕ ಬ್ಯಾಡಂತಾರ" ಎಂದ ಮುದ್ದೇಬಿಹಾಳದವ.

ಬಾಗಿಲಲ್ಲಿ ಶೇಂಗಾ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಬ್ಯಾಡಂದ್ರ ಯಾಕ ಬ್ಯಾಡ?"

"ನನಗೂ ಉಪಯೋಗ ಐತ್ರಿ ಯವ್ವಾ" ಎಂದರು ಮಾಸ್ತರು.

ಅತ್ತೆಗೆ ಸಂಶಯಪಡಲು ಅಷ್ಟು ಸಾಕಾಯಿತು. ಕಲಿಯುವುದಿದ್ದರೆ ಹೊರಗಿನ ಕಟ್ಟೆಯ ಮೇಲೆ, ಬೆಳಕಿರುವಾಗಲೇ, ತಾನು ಬಾಗಿಲಲ್ಲಿ ಕೂತಿರುವಾಗ ಕಲಿಯಬೇಕು ಎಂದು ಕಟ್ಟಪ್ಪಣೆ ಮಾಡಿದಳು.

ಮೊದಲ ಸಂಜೆ ಮಾಸ್ತರು ನನಗೊಂದು ಪ್ರಶ್ನೆ ಕೊಟ್ಟು ಉತ್ತರ ಬರೆಯಲು ಹೇಳಿದರು. "ವ್ಯಾಯಾಮಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವುದರ ಮಹತ್ವವನ್ನು ವಿವರಿಸಿರಿ." ನಾನು ಎಂದಿನಂತೆ ಶುರು ಮಾಡಿದೆ: ದೇಶದ ಪ್ರಗತಿಗೆ ಪ್ರಜೆಗಳ ಆರೋಗ್ಯ ಅತ್ಯವಶ್ಯಕ. ಅವರು ಓದಿ, ಪೆನ್ಸಿಲಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. ಮುಂದಿನ ಸಾಲಿನ ಮೇಲೂ ಎಳೆದರು. ಪುಟದ ಕೊನೆಗೆ ಬರುವಷ್ಟರಲ್ಲಿ ಉಳಿದದ್ದು ಒಂದೂವರೆ ಸಾಲು.

"ಈ ಮಾತು ನೀವು ಕಬಡ್ಡಿ ಪ್ರಶ್ನಿಗೂ ಬರೀತೀರಿ, ಮೂಳಿ ಮುರಿದ ಪ್ರಶ್ನಿಗೂ ಬರೀತೀರಿ. ತಪಾಸ್ ಮಾಡಾವ ಇದಕ್ಕ ಮಾರ್ಕ್ ಹೆಂಗ ಕೊಡಬೇಕ್ರಿ?"

"ಮತ್ತ ಏನ್ ಬರೀಬೇಕ್ರಿ?"

"ಮೊದಲು ಪ್ರಶ್ನಿ ಏನ್ ಬೇಡತೈತಿ ನೋಡ್ರಿ. 'ಹೆಸರಿಸಿರಿ' ಅಂದ್ರ ಬರೇ ಹೆಸರು, ಸುಮ್ನ ಕತಿ ಬ್ಯಾಡ. 'ವಿವರಿಸಿರಿ' ಅಂದ್ರ ಯಾಕ ಅನ್ನೂದು ಬರಬೇಕು. ಬಾಜೂಕ ಎಷ್ಟು ಮಾರ್ಕ್ ಹಾಕ್ಯಾರ ನೋಡ್ರಿ, ಅಷ್ಟ ಸಂಗತಿ ಹೇಳ್ರಿ. ಒಂದೊಂದು ಸಂಗತಿಗೂ ಒಂದು ಕಾರಣ. ಕಾರಣಕ್ಕ ಅಂಗಳದಾಗಿಂದು ಒಂದು ಉದಾಹರಣಿ. ಅಂಗಳ ನಿಮಗ ಗೊತ್ತೈತಿ. ಪುಸ್ತಕದ್ದು ಬ್ಯಾಡ, ನಿಮ್ಮದ ಬರೀರಿ."

ಆಮೇಲೆ ಅವರು ಕೇಳತೊಡಗಿದರು. ಖೊ-ಖೊದಲ್ಲಿ ಕಂಬ ತಿರುಗುವಾಗ ಭಾರ ಯಾವ ಕಾಲಿನ ಮೇಲಿರುತ್ತದೆ? ಚಳಿಗಾಲದ ಬೆಳಿಗ್ಗೆ ಮೊದಲ ಓಟದಲ್ಲಿ ತೊಡೆಯ ಹಿಂದೆ ಏನಾಗುತ್ತದೆ? ಕಬಡ್ಡಿಯವನನ್ನು ಹಿಡಿದು, ಎದುರಿನವರ ಅಂಗಳಕ್ಕೆ ನುಗ್ಗಿದಾಗ ಉಸಿರು ಮೊದಲು ಗಂಟಲಲ್ಲಿ ಕಟ್ಟುತ್ತದೋ ಎದೆಯಲ್ಲೋ ಎಂದು ಕೇಳಿದರು. ನಾವು ಹೇಳಿದ್ದನ್ನೆಲ್ಲ ಬಾಯಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದರು. ಎದ್ದು ಹೋಗುವಾಗ ನಾವು ಬರೆದ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಒಂದನ್ನೂ ತಿರುಗಿ ಕೊಡಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ನನ್ನ ಉತ್ತರಗಳು ಗಿಡ್ಡವಾದವು, ಗಟ್ಟಿಯಾದವು. ಅದು ನನಗೇ ಕಾಣುತ್ತಿತ್ತು. ಆದರೆ ಮಾಸ್ತರರ ಬಗ್ಗೆ ನಮ್ಮ ಮೂವರಲ್ಲೂ ಒಂದೊಂದು ಸಂಶಯ ಬೇರುಬಿಟ್ಟಿತ್ತು.

ಅತ್ತೆಯದು ನೇರ. "ಬಿಟ್ಟಿ ಕಲಸ್ತಾನಂದ್ರ ಹುಡುಗಿ ಮ್ಯಾಲ ಕಣ್ಣೈತಿ. ನಾಳೆ ಯಾರನ್ನೋ ಮುಂದ ಮಾಡಿಕೊಂಡು ಹೆಣ್ಣು ಕೇಳಾಕ ಬರ್ತಾನ, ನೋಡ್ತಿರು." ಮುದ್ದೇಬಿಹಾಳದವನದು ಬೇರೆ. ಚಡಚಣದಲ್ಲೋ ಸೊಲ್ಲಾಪುರದಲ್ಲೋ ಮಾಸ್ತರಿಗೆ ಪ್ರೆಸ್ಸಿನವರು ಗೊತ್ತಿರಬೇಕು, ನಮ್ಮ ಉತ್ತರಗಳನ್ನೇ ಸೇರಿಸಿ ಗೈಡು ಅಚ್ಚು ಹಾಕಿಸುತ್ತಾರೆ ಎಂದು ಅವನ ಖಾತ್ರಿ. ನನ್ನ ಸಂಶಯವನ್ನು ನಾನು ಯಾರಿಗೂ ಹೇಳಿರಲಿಲ್ಲ. "ಈ ಪ್ರಶ್ನಿ ಈ ಸಲ ಬರೂದ" ಎಂದು ಅವರು ಅಷ್ಟು ಧೈರ್ಯದಿಂದ ಹೇಳುವಾಗ, ಪ್ರಶ್ನೆ ತೆಗೆಯುವವರ ಕಡೆಯ ಸಂಬಂಧ ಇವರಿಗೆ ಏನೋ ಇದೆ, ಒಂದು ದಿನ ಇವರು ಸಿಕ್ಕಿಬೀಳುತ್ತಾರೆ, ನಮ್ಮನ್ನೂ ಎಳೆದುಕೊಂಡು ಹೋಗುತ್ತಾರೆ ಎಂದು ನನಗೆ ಅನಿಸುತ್ತಿತ್ತು.

ಇನ್ನೊಂದು ವಿಷಯ ಮೂವರಿಗೂ ಕಂಡಿತ್ತು. ಈ ಮನುಷ್ಯ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಓಣಿಯ ಹುಡುಗರ ಚೆಂಡು ಉರುಳಿ ಬಂದು ಕಾಲಿಗೆ ತಾಗಿದರೂ ಒದೆಯುತ್ತಿರಲಿಲ್ಲ, ಬಾಗಿ ಎತ್ತಿ ಕೈಯಲ್ಲಿ ಕೊಡುತ್ತಿದ್ದರು. ಖೊ-ಖೊ ನಿಯಮಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವರು. ಆದರೆ ನನ್ನ ಶಾಲೆಯಲ್ಲಿ ಪಂದ್ಯವಿದ್ದಾಗ, ಅಂಪೈರ್ ಆಗಿ ಬನ್ನಿರೆಂದು ನಾನೇ ಹೋಗಿ ಕರೆದರೆ, ಹೂಂ ಅಂದು ಬರಲೇ ಇಲ್ಲ. ಮರುದಿನ ಕೇಳಿದಾಗ ಪಕ್ಕದ ಹಳ್ಳಿ ಯಂಕಂಚಿಗೆ ಹೋಗಿದ್ದೆ ಎಂದರು. ಅಲ್ಲಿ ಏನು ಕೆಲಸವೆಂದು ಕೇಳಿದರೆ ಮಾತು ತೇಲಿಸಿದರು.

ಏನು ಕೆಲಸವೆಂಬುದು ನಮಗೆ ಹಾಲಿನವನಿಂದ ತಿಳಿಯಿತು. ಅವನು ಯಂಕಂಚಿಯವನು. ಅತ್ತೆ ಅವನನ್ನು ನಿಲ್ಲಿಸಿ ವಿಚಾರಿಸಿದಳು, ಆಮೇಲೆ ಒಳಗೆ ಬಂದು ನನ್ನ ಕಿವಿಯ ಹತ್ತಿರ ದನಿ ತಗ್ಗಿಸಿದಳು.

"ನಿಮ್ಮ ಮಾಸ್ತರ ಅಲ್ಲಿ ಬೀಳು ಬಿದ್ದ ಹೊಲದಾಗ ಒಬ್ಬನ ಜಿಗೀತಿರತಾನಂತ."

"ಜಿಗಿಯೋದಂದ್ರ?"

"ಜಿಗಿಯೋದಂದ್ರ ಜಿಗಿಯೋದು. ಓಡಿ ಬರೂದು, ಜಿಗಿಯೂದು, ಬೀಳೂದು. ಎದ್ದು ಮತ್ತ ಓಡೂದು. ಯಾರರ ಬಂದ್ರ ಸುಮ್ನ ನಿಂತು ಮಾರಿ ಒರಸ್ಕೊತಾನಂತ. ಅವನ ತಲಿ ನೆಟ್ಟಗಿಲ್ಲ. ನಾಳಿಂದ ಬ್ಯಾಡ ಅವನ ಸಹವಾಸ."

ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಅತ್ತೆಯ ಕೈಕಾಲು ಹಿಡಿದು ಪಾಠ ಮುಂದುವರಿಸಿದೆ. ಆದರೆ ಅಂದಿನಿಂದ ಮಾಸ್ತರು ಜೇಬಿಗೆ ಕೈ ಹಾಕಿದರೂ ಅತ್ತೆ ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟು ಸಿದ್ಧಳಾಗುತ್ತಿದ್ದಳು.

ಪರೀಕ್ಷೆ ಬಸವನ ಬಾಗೇವಾಡಿಯಲ್ಲಿತ್ತು. ಹಿಂದಿನ ದಿನವೇ ಅತ್ತೆ, ನಾನು, ಮುದ್ದೇಬಿಹಾಳದವ ಬಸ್ಸು ಹತ್ತಿದೆವು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅತ್ತೆಯ ತೊಡೆಯ ಮೇಲೆ. ಒಂದು ವಾರದಿಂದ ಮಾಸ್ತರು ಪಾಠಕ್ಕೆ ಬಂದಿರಲಿಲ್ಲ, ಊರಿಗೆ ಹೋಗಬೇಕು ಎಂದಷ್ಟೇ ಹೇಳಿ ಹೋಗಿದ್ದರು. "ಹಾಳಿ ತಗೊಂಡು ಓಡಿ ಹೋದ" ಎಂದು ಮುದ್ದೇಬಿಹಾಳದವ ದಾರಿಯುದ್ದಕ್ಕೂ ಗೊಣಗುತ್ತಿದ್ದ.

ಮರುದಿನ ಬೆಳಿಗ್ಗೆ ಪರೀಕ್ಷಾ ಕೇಂದ್ರದ ಮುಂದೆ ಅಭ್ಯರ್ಥಿಗಳು ಸಾಲಾಗಿ ನಿಂತಿದ್ದರು. ಅತ್ತೆ ನನ್ನ ರಟ್ಟೆ ಹಿಡಿದು ಹಿಂಡಿದಳು.

"ಅಲ್ಲಿ ನೋಡ. ಯಾರವ?"

ಸಾಲಿನ ನಡುವೆ ಮಾಸ್ತರು ನಿಂತಿದ್ದರು. ಅದೇ ಇಸ್ತ್ರಿಯ ಪ್ಯಾಂಟು. ಕೈಯಲ್ಲಿ ಹಾಲ್ ಟಿಕೆಟು.

ನಮ್ಮನ್ನು ಕಂಡು ಅವರು ಓಡಿಹೋಗಲಿಲ್ಲ, ನಗಲೂ ಇಲ್ಲ. ಮುದ್ದೇಬಿಹಾಳದವ ನೇರ ಹೋಗಿ ಎದುರು ನಿಂತ. "ನೀವೂ ಪರೀಕ್ಷಾ ಕೊಡಾಕ ಬಂದೀರಿ?"

"ಹೌದು."

"ಅಂದ್ರ ನೀವು ಪಾಸಾಗಿಲ್ಲ?"

"ಬರಿಯೂದ್ರಾಗ ಪ್ರತಿ ಸಲ ಆಗೇನಿ. ಜಿಗಿಯೂದ್ರಾಗ ಬೀಳ್ತೇನಿ" ಎಂದರು ಮಾಸ್ತರು. "ಹೇಳಿದ್ರ ನನ್ನ ಕಡೆ ಕಲೀತಿದ್ರೇನು ನೀವು?"

ಅತ್ತೆ ಹಿಂದಿನಿಂದ, "ಈಗರ ಖರೇ ಹೇಳಾಕತ್ತಾನೋ ಇಲ್ಲೋ" ಎಂದಳು. ಗಂಟೆ ಬಾರಿಸಿದರು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲ ಪ್ರಶ್ನೆಯನ್ನೇ ಎರಡು ಸಲ ಓದಿದೆ. ಮೈ ಬಿಸಿ ಮಾಡಿಕೊಳ್ಳುವುದರ ಮಹತ್ವ. ಅದೇ ಪ್ರಶ್ನೆ. ಮಾಸ್ತರು ನನ್ನ ಮುಂದಿನ ಸಾಲಿನಲ್ಲಿ ಓರೆಯಾಗಿ ಕೂತಿದ್ದರು, ಅವರ ಬೆನ್ನು ಕಾಣುತ್ತಿತ್ತು. ಪರೀಕ್ಷೆ ಇಷ್ಟು ಸಲ ಬರೆದವರಿಗೆ ಯಾವ ಪ್ರಶ್ನೆ ತಿರುಗಿ ಬರುತ್ತದೆಂದು ಗೊತ್ತಿರುವುದು ಸಹಜ. ಇವರು ಪ್ರಶ್ನೆ ಕದ್ದಿರಬೇಕೆಂಬ ಹಳೆಯ ಹೆದರಿಕೆ ಹೋಯಿತು. ಆದರೆ ಅದರ ಜಾಗಕ್ಕೆ ಇನ್ನೊಂದು ಬಂತು. ಈ ಪ್ರಶ್ನೆಗೆ ನಾನು ರೂಢಿ ಮಾಡಿದ್ದ ಉದಾಹರಣೆ ನನ್ನದೇ: ಇಂಡಿಯ ಪಂದ್ಯದಲ್ಲಿ ತಡವಾಗಿ ಬಂದು, ಮೈ ಸಡಿಲ ಮಾಡಿಕೊಳ್ಳದೆ ಆಡಲಿಳಿದು, ಕಂಬದ ಬಳಿ ಕಾಲು ಹಿಡಿದು ಕುಸಿದದ್ದು. ಆ ಹಾಳೆ ಮಾಸ್ತರರ ಹತ್ತಿರ ಇದೆ. ಅವರಿಗೆ ಆಟವೇ ಗೊತ್ತಿಲ್ಲ, ಉದಾಹರಣೆ ಎಲ್ಲಿಂದ ತರುತ್ತಾರೆ? ನನ್ನದನ್ನೇ ಬರೆಯುತ್ತಿರಬಹುದು. ಒಂದೇ ಕೋಣೆಯ ಎರಡು ಪೇಪರಿನಲ್ಲಿ ಒಂದೇ ಕಾಲು ಒಂದೇ ಕಂಬದ ಬಳಿ ಹಿಡಿದುಕೊಂಡರೆ ನಂಬುವವರು ಯಾರು? ಕಾಪಿ ಎಂದು ಇಬ್ಬರನ್ನೂ ಹೊರಗೆ ಹಾಕುತ್ತಾರೆ.

ಅವರ ಬೆನ್ನನ್ನೇ ನೋಡುತ್ತ ಕೂತೆ. ಬಲಗೈ ಒಂದೇ ಸಮನೆ ಓಡುತ್ತಿತ್ತು. ಕೊನೆಗೆ ಪೆನ್ನು ಎತ್ತಿಕೊಂಡು, ಸಂಗತಿ, ಕಾರಣ ಬರೆದು, ಉದಾಹರಣೆಯನ್ನು ಬದಲಾಯಿಸಿದೆ. ನನ್ನ ಶಾಲೆಯ ಒಬ್ಬ ಹುಡುಗಿಯ ಬಗ್ಗೆ ಬರೆದೆ: ಚಳಿಯ ಬೆಳಿಗ್ಗೆ ಅವಳ ಮೀನಖಂಡ ಸೆಟೆದದ್ದು, ನಾನು ತಿಕ್ಕಿ ನಡೆಸಿದ್ದು, ಆಮೇಲೆ ಅವಳು ಓಡಿದ್ದು. ಯೋಚಿಸದೆ ಬಂತು, ರೂಢಿ ಮಾಡಿದ್ದಕ್ಕಿಂತ ಚೆನ್ನಾಗಿ ಬಂತು.

ಹೊರಗೆ ಬಂದ ಕೂಡಲೇ ಅವರನ್ನು ಹಿಡಿದೆ. "ಮೊದಲನೇ ಪ್ರಶ್ನಿಗೆ ನನ್ನ ಉದಾಹರಣಿ ಬರದ್ರೇನ್ರಿ?"

ಮಾಸ್ತರರಿಗೆ ನೋವಾದದ್ದು ಮುಖದಲ್ಲಿ ಕಂಡಿತು. "ಅದು ನಿಮ್ಮದಲ್ರಿ ಅಕ್ಕಾರ. ನಾ ನಂದ ಬರದೇನಿ. ಮೊದಲನೇ ಸಲ ಇದ ಮೈದಾನದಾಗ ಉದ್ದ ಜಿಗಿತಕ್ಕ ಹೆದರಿಕೊಂಡು ಒಮ್ಮಿಂದೊಮ್ಮೆಲೆ ಓಡಿ ಜಿಗಿದಿದ್ದೆ. ತೊಡಿ ಸ್ನಾಯು ಹರೀತು. ಆವತ್ತಿಂದ ಜಿಗಿಯೂ ಹಲಗಿ ಹತ್ರ ಬಂದ್ರ ಕಾಲು ತಾನ ನಿಂತು ಬಿಡತೈತಿ."

"ನಮ್ಮ ಹಾಳಿ ಯಾಕ ಒಯ್ತಿದ್ರಿ?"

"ಆಡಿದಾವ್ರು ಹೆಂಗ ವಿಚಾರ ಮಾಡ್ತಾರ ಓದಿ ತಿಳಕೋಬೇಕಾಗಿತ್ತು. ಕೋಣ್ಯಾಗ ಅದಾವ, ಕೊಡ್ತೇನಿ."

ಮುದ್ದೇಬಿಹಾಳದವನಿಗೆ ಸಿಟ್ಟು ಬಂತು. "ಬಾಯಿಬಿಟ್ಟು ಹೇಳಿದ್ರ ಆಗ ಕಲಸ್ತಿದ್ವಿ. ಹೊಲದಾಗ ಒಬ್ಬನ ಜಿಗಿದ್ರ ಬರತೈತೇನ್ರಿ?"

ಮೈದಾನದ ಪರೀಕ್ಷೆ ಮರುದಿನ. ಆ ಸಂಜೆ ಊರ ಹೊರಗಿನ ಮೆತ್ತನೆಯ ಎರೆ ಮಣ್ಣಿನ ಬಯಲಿಗೆ ಮಾಸ್ತರರನ್ನು ಕರೆದುಕೊಂಡು ಹೋದೆವು. ಅತ್ತೆಯೂ ಬಂದಳು, ಬಿಟ್ಟಿರುವಳೇ? ಮಾಸ್ತರು ಮೊದಲ ಸಲ ಅಂಗಿಯ ತೋಳು ಮಡಚಿದರು. ಓಡಿ ಬಂದರು, ಹಲಗೆಯ ಬದಲು ನೆಟ್ಟ ಕಡ್ಡಿಯ ಹತ್ತಿರ ಹೆಜ್ಜೆ ತಡವರಿಸಿ, ಜಿಗಿಯದೆ ನಿಂತರು.

"ಓಡೂವಾಗ ಏನ್ ವಿಚಾರ ಮಾಡ್ತೀರಿ?" ಎಂದು ಕೇಳಿದೆ.

"ಕೊನೀ ಹೆಜ್ಜಿ ಹಲಗಿ ಮ್ಯಾಲ ಬರಬೇಕು, ಮಂಡಿ ಮ್ಯಾಲ ಏಳಬೇಕು, ಕೈ ಮುಂದ ಚಾಚಬೇಕು, ಬೀಳೂವಾಗ ಹಿಂದ ಕೈ ಊರಬಾರದು..."

"ಮಾಸ್ತರ, ಓಡಿಕೋತ ಉತ್ತರ ಬರೀಬ್ಯಾಡ್ರಿ."

ಆ ಕಡ್ಡಿಯ ಬಳಿ ನಿಲ್ಲಿಸಿ, ಬಂದ ದಾರಿಗೇ ಮುಖ ಮಾಡಿ ಓಡಲು ಹೇಳಿದೆ. ಹದವಾದ ವೇಗಕ್ಕೆ ಬಂದಾಗ ಕಾಲು ಬಿದ್ದ ಜಾಗದಲ್ಲಿ ಕಲ್ಲಿಟ್ಟೆ. ಇಲ್ಲಿಂದ ಹೊರಟರೆ ಕಾಲು ತಾನಾಗಿ ಹಲಗೆಗೆ ಬರುತ್ತದೆ, ನೀವು ಕೆಳಗೆ ನೋಡಬೇಡಿ, ಎದುರಿನ ಬೇವಿನ ಮರ ನೋಡಿ ಎಂದೆ. ಮೊದಲು ಬಿದ್ದರು. ಮತ್ತೆ ಬಿದ್ದರು. ಕತ್ತಲಾಗುವ ಮುಂಚೆ ಒಮ್ಮೆ ಕಾಲು ನಿಲ್ಲಲಿಲ್ಲ. ಮನುಷ್ಯ ಗಾಳಿಗೆದ್ದು ಮಣ್ಣಿನಲ್ಲಿ ಎರಡೂ ಪಾದ ಊರಿದರು. ಎದ್ದು ನಿಂತವರೇ ತಿರುಗಿ ತಮ್ಮ ಪಾದದ ಗುರುತನ್ನು ನೋಡಿದರು.

ಮರುದಿನ ಅವರು ಜಿಗಿದದ್ದು ಹೆಚ್ಚು ದೂರವೇನಲ್ಲ. ಆದರೆ ಹಲಗೆಯ ಹತ್ತಿರ ಕಾಲು ನಿಲ್ಲಲಿಲ್ಲ.

ಫಲಿತಾಂಶ ಬಂದಾಗ ನಾನು ಪಾಸು. ಮಾಸ್ತರೂ ಪಾಸು, ಮೈದಾನದಲ್ಲಿ ಕೂದಲೆಳೆಯ ಅಂತರದಲ್ಲಿ. ಮುದ್ದೇಬಿಹಾಳದವ ಕೇಳಿದ್ದಕ್ಕೂ ಕೇಳದ್ದಕ್ಕೂ ಕಬಡ್ಡಿಯನ್ನೇ ಬರೆದು ಮತ್ತೆ ಬಿದ್ದ; ಮುಂದಿನ ವರ್ಷ ಪಾಸಾದ. ಮಾಸ್ತರಿಗೆ ಆಲಮಟ್ಟಿಯಲ್ಲಿ, ಅಣೆಕಟ್ಟಿನ ನೌಕರರ ಮಕ್ಕಳು ಓದುವ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಬಂದು ಹೇಳಿ, ನಮ್ಮ ಹಾಳೆಗಳನ್ನೆಲ್ಲ ದಾರದಲ್ಲಿ ಕಟ್ಟಿ ಕೊಟ್ಟು ಹೋದರು. ಅತ್ತೆ ಅವರಿಗೆ ಚಹಾ ಮಾಡಿಕೊಟ್ಟಳು.

ಅವರು ಓಣಿಯ ತಿರುವು ದಾಟುವವರೆಗೆ ನೋಡಿ, ಅತ್ತೆ ನನ್ನ ಕಡೆ ತಿರುಗಿದಳು.

"ಅವ ಪಾಸಾದದ್ದು ಖರೇನ? ಯಾರಿಗೋ ಏನೋ ಹೇಳಿರಬೇಕು."

"ಅತ್ತಿ, ಅವರು ಜಿಗಿದದ್ದು ನೀ ಕಣ್ಣಾರೆ ನೋಡಿಲ್ಲೇನು?"

"ನೋಡೇನಿ" ಎಂದಳು ಅತ್ತೆ. "ನೋಡಿದ್ದಕ್ಕ ಹೇಳಾಕತ್ತೇನಿ."